ಹುಳ ಮನೆಯಲ್ಲಿದ್ದಾಗ

ಕದಿರಮ್ಮ ಏಣಿಯಿಂದ ಬಿದ್ದದ್ದು ಅಟ್ಟದ ಮೇಲಿನ ಚಂದ್ರಿಕೆ ಇಳಿಸುವಾಗ. ಹಣ್ಣಾದ ರೇಷ್ಮೆಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು, ಬಾಗಿಲಿಗಿಂತ ಅಗಲ. ಅಂಥದ್ದನ್ನು ಒಬ್ಬರೇ ಇಳಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ತಾನೇ ಒಬ್ಬಳೇ ಹತ್ತಿದಳು. ಯಾಕೆ ಹತ್ತಿದಳು ಎಂದರೆ, ಮಗ ಹತ್ತಲಿಲ್ಲ. ನಾಳೆ ಮರಿಹುಳ ಬರುತ್ತದೆ, ಚಂದ್ರಿಕೆ ತೊಳೆದು ಬಿಸಿಲಿಗೆ ಹಾಕಬೇಕು, ಇಳಿಸಿಕೊಡಪ್ಪ ಎಂದು ಬೆಳಗಿನಿಂದ ಹೇಳಿದ್ದಳು. ನರಸಿಂಹಪ್ಪ ಆಗಲಮ್ಮ ಎಂದವನು ಜಂಗಮಕೋಟೆಗೆ ಹೋಗಿ ಕೂತುಬಿಟ್ಟ. ಏಣಿ ಜಾರಿತು. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಲಟಕ್ಕೆಂದದ್ದು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಸೊಸೆ ಶ್ಯಾಮಲಮ್ಮನಿಗೂ ಕೇಳಿಸಿತು.

ಮಕ್ಕಳಿಬ್ಬರನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗಾಡಿ ಕಟ್ಟಿ, ಆಮೇಲೆ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೂಳೆ ಸರಿಮಾಡಿ ತೊಡೆಯವರೆಗೆ ಬಿಳಿ ಪಟ್ಟಿ ಹಾಕಿದರು. ಕೂಡಿಸುವುದು ನನ್ನ ಕೈಲಿಲ್ಲ, ಅದು ತಾನಾಗಿ ಕೂಡಬೇಕು, ಕೂಡಬೇಕಾದರೆ ಹೊಟ್ಟೆಗೆ ಬೀಳಬೇಕು ಎಂದು ಕಡ್ಡಿ ಮುರಿದಂತೆ ಹೇಳಿದರು. ಹಾಲು ಕೊಡಿ, ಮೊಟ್ಟೆ ಕೊಡಿ, ಸೊಪ್ಪು ಕೊಡಿ, ಆಗಾಗ ಮೂಳೆ ಬೇಯಿಸಿದ ಸಾರು ಕೊಡಿ ಎಂದರು. ನರಸಿಂಹಪ್ಪ ಟವಲು ಹೆಗಲಿನಿಂದ ಇಳಿಸಿ, ಆಗಲಿ ಸ್ವಾಮಿ, ನಮ್ಮಮ್ಮನಿಗೆ ಕೊಡದೆ ಇನ್ಯಾರಿಗೆ ಕೊಡೋಣ ಎಂದ. ಎಷ್ಟು ಚೆನ್ನಾಗಿ ಅಂದ ಎಂದರೆ ಪಕ್ಕದ ಮಂಚದವರೂ ತಿರುಗಿ ನೋಡಿದರು.

ಮನೆಗೆ ಬಂದರೆ ಮರಿಹುಳ ಆಗಲೇ ತಟ್ಟೆಗೆ ಬಿದ್ದಿತ್ತು.

ಹುಳ ಮನೆಗೆ ಬಂದರೆ ಆ ಮನೆಯ ಒಲೆಗೆ ಬೇರೆ ಕಾನೂನು. ಒಗ್ಗರಣೆ ಹಾಕುವಂತಿಲ್ಲ. ಮೊಟ್ಟೆ ಇಲ್ಲ, ಮಾಂಸ ಇಲ್ಲ, ಒಣಮೀನಿನ ಹೆಸರೂ ಎತ್ತುವಂತಿಲ್ಲ. ಘಾಟು ತಾಗಿದರೆ ಹುಳ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಮಾಂಸ ಮೀನಿನ ನೀಚು ವಾಸನೆ ತಾಗಿದರೆ ಮೈಯೆಲ್ಲ ಹಾಲುಗಟ್ಟಿ ಸಾಯುತ್ತದೆ ಎನ್ನುವುದು ನಂಬಿಕೆ. ಸುತ್ತಮುತ್ತಲ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಇತ್ತು, ಆದರೆ ಅಲ್ಲೆಲ್ಲ ಅಷ್ಟಿಷ್ಟು ಸಡಿಲ. ಇಲ್ಲಿ ಕದಿರಮ್ಮ ಗಂಡ ಸತ್ತ ವರ್ಷದಿಂದ ಇದನ್ನು ದೇವರ ಮಾತಿನ ಹಾಗೆ ನಡೆಸಿಕೊಂಡು ಬಂದಿದ್ದಳು. ಒಂದು ಬೆಳೆ ಇಳಿಯುತ್ತಿದ್ದಂತೆ ಇನ್ನೊಂದು ಬೆಳೆಯ ಮರಿ ಬರುವ ಮನೆ ಅದು. ಹಾಗಾಗಿ ಗೂಡು ಮಾರಿದ ಒಂದು ದಿನ ಬಿಟ್ಟರೆ ಕಾನೂನು ಸಡಿಲುವ ದಿನವೇ ಇಲ್ಲ. ಇರುವುದು ಒಂದೇ ನಡುಮನೆ. ಗೋಡೆಯುದ್ದಕ್ಕೂ ಹುಳದ ತಟ್ಟೆಗಳು, ಮೂಲೆಯಲ್ಲಿ ಕದಿರಮ್ಮನ ಮಂಚ. ಡಾಕ್ಟರು ಹೇಳಿದ ಮೊಟ್ಟೆ, ಸಾರು ಎರಡೂ ಹೊಸಲಿನಾಚೆಯೇ ನಿಂತವು.

ಹಾಲಿಗೆ ಏನು ಬಂತು ಕೇಡು, ಅದಕ್ಕೆ ವಾಸನೆ ಇಲ್ಲವಲ್ಲ? ಮನೆಯ ಹಸುವಿನ ಹಾಲು ಕ್ರಾಸಿನ ಹೋಟೆಲಿಗೆ ಹೋಗುತ್ತಿತ್ತು. ದಿನದ ವರ್ತನೆ ತಪ್ಪಿಸಿದರೆ ಹೋಟೆಲಿನವನು ಬೇರೆಯವರನ್ನು ಹಿಡಿಯುತ್ತಾನೆ, ಆಮೇಲೆ ಸೊಪ್ಪು ಕೊಯ್ಯುವವರಿಗೆ ಕೂಲಿ ಎಲ್ಲಿಂದ ತರುವುದು ಎಂದು ನರಸಿಂಹಪ್ಪ ಕೇಳಿದ. ಕದಿರಮ್ಮ ಹೌದಪ್ಪ ಎಂದಳು. ಅವಳು ಹೌದು ಎಂದದ್ದೇ ಅವನಿಗೆ ಸಾಕಾಯಿತು. ಹೆತ್ತ ತಾಯಿಯೇ ಬೇಡ ಅಂದಮೇಲೆ ಮಗನದ್ದೇನು ತಪ್ಪು, ಅಲ್ಲವೇ?

ಇನ್ನು ಮುದ್ದೆ. ಆ ಮನೆಯಲ್ಲಿ ಗೇಮೆಗೆ ತಕ್ಕ ಮುದ್ದೆ. ಹೊಲ ಉಳುವವನಿಗೆ ಇಷ್ಟು, ಸೊಪ್ಪು ಹೊರುವವಳಿಗೆ ಇಷ್ಟು ಎಂದು ಕೈಯಲ್ಲೇ ಅಳತೆ ಹಿಡಿದು ಕಟ್ಟುತ್ತಿದ್ದವಳು ಕದಿರಮ್ಮ. ಈಗ ಶ್ಯಾಮಲಮ್ಮ ಮುದ್ದೆ ಕಟ್ಟಿ ಮಂಚದ ಹತ್ತಿರ ತಂದಿಟ್ಟರೆ ಮುದುಕಿ ಅದನ್ನು ನೋಡಿ ಮುಖ ಗಂಟಿಕ್ಕಿದಳು.

“ಅರ್ಧ ತೆಗಿ.”

“ಯಾಕತ್ತಮ್ಮ?”

“ಮಲಗಿರೋ ಹೆಂಗಸಿಗೆ ಇಷ್ಟು ದಪ್ಪದ್ದಾ? ಗೇಯೋರಿಗೆ ಹಾಕು.”

“ಮೂಳೆ ಕೂಡೋದೂ ಗೇಮೆನೇ ಕಣತ್ತಮ್ಮ. ಡಾಕ್ಟರು ಏನಂದ್ರು?”

“ಡಾಕ್ಟರು ಹುಳ ಸಾಕ್ತಾರಾ? ಅರ್ಧ ತೆಗಿ ಅಂದೆ.”

ಶ್ಯಾಮಲಮ್ಮ ಗೌರಿಬಿದನೂರಿನ ಕಡೆ, ಮಂಚೇನಹಳ್ಳಿಯ ಹೆಣ್ಣು. ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತದೆ. ಪೋನೀಲೇ, ಹೋದರೆ ಹೋಗಲಿ, ನನಗೇನು ಬಂತು ಎಂದು ಗೊಣಗಿಕೊಂಡು ಅರ್ಧ ಮುರಿದು ಒಯ್ದಳು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು. ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಹುಳದ ಊಟದ ಹೊತ್ತು ಆ ಮನೆಯ ಎಲ್ಲರಿಗೂ ಬಾಯಿಪಾಠ. ಮುದುಕಿ ಎಷ್ಟು ಹೊತ್ತಿಗೆ ಉಂಡಳು ಎಂದು ಕೇಳಿ ನೋಡಿ, ಒಬ್ಬರೂ ಹೇಳರು.

ಕೆಲವು ದಿನ ಹೋದ ಮೇಲೆ ಸೊಸೆಯ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಬೆಳಿಗ್ಗೆ ಇಟ್ಟ ಚೊಂಬಿನ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಅತ್ತೆಯ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಯಾಕೆ ಕುಡಿಯಲಿಲ್ಲ ಎಂದು ಕೇಳಿದರೆ ಬಾಯಾರಿಕೆ ಇಲ್ಲ ಎಂದಳು.

“ಈ ಬಿಸಿಲಲ್ಲಿ ಬಾಯಾರಿಕೆ ಇಲ್ವಾ? ನಿಜ ಹೇಳಿ.”

“ಕುಡಿದ್ರೆ ಹಿತ್ಲಿಗೆ ಹೋಗ್ಬೇಕು. ಎತ್ಕೊಂಡು ಹೋಗೋರ್ಯಾರು? ನಿನ್ನ ಗಂಡ ಬರ್ತಾನಾ?”

“ನಾನಿಲ್ವಾ?”

“ನಿನ್ನ ಕೈಯಾಗೆ ಸೊಪ್ಪಿರ್ತದೆ.”

ಶ್ಯಾಮಲಮ್ಮನಿಗೆ ಮೈಯೆಲ್ಲ ಉರಿಯಿತು. ಉಣ್ಣದಿದ್ದರೆ ಹಿತ್ತಲಿಗೆ ಹೋಗಬೇಕಾಗಿಲ್ಲ, ಕುಡಿಯದಿದ್ದರೆ ಯಾರನ್ನೂ ಕರೆಯಬೇಕಾಗಿಲ್ಲ. ಇಷ್ಟು ವರ್ಷ ಮನೆಮಂದಿಯನ್ನೆಲ್ಲ ಕೈಬೆರಳಲ್ಲಿ ಆಡಿಸಿದ ಹೆಂಗಸು ಲೆಕ್ಕ ಹಾಕಿಕೊಂಡು ಒಣಗುತ್ತಿದ್ದಳು. ಆ ರಾತ್ರಿ ಗಂಡನಿಗೆ ಹೇಳಿದಳು. ಅವನು ವಯಸ್ಸಾದವರಿಗೆ ಹಸಿವು ಕಮ್ಮಿ ಎಂದು ಹೇಳಿ ಮಗ್ಗುಲಾದ.

ಮಗಳಾದರೂ ಏನಾದರೂ ಮಾಡಿದಳೇ ಎಂದರೆ ಅದೂ ಇಲ್ಲ. ಕದಿರಮ್ಮನ ಮಗಳು ವೆಂಕಟರತ್ನಮ್ಮನನ್ನು ದಿಬ್ಬೂರಹಳ್ಳಿಗೆ ಕೊಟ್ಟಿತ್ತು. ಅಮ್ಮ ಬಿದ್ದ ಸುದ್ದಿ ಕೇಳಿ ಒಂದು ಪುಟ್ಟಿ ತುಂಬ ಹೊಟ್ಟಿನಲ್ಲಿಟ್ಟ ನಾಟಿ ಮೊಟ್ಟೆ ಹೊತ್ತು ಬಂದಳು. ಬಂದವಳೇ ಮಂಚದ ಮೇಲೆ ಬಿದ್ದು ಹೊರಳಾಡಿ ಅತ್ತಳು. ಅಮ್ಮ ಕಡ್ಡಿಯಾಗಿದ್ದಾಳೆ, ಸೊಸೆ ಅನ್ನಿಸಿಕೊಂಡವಳು ಏನು ಹಾಕುತ್ತಿದ್ದಾಳೋ ಏನೋ ಎಂದು ಬೀದಿಗೆ ಕೇಳುವ ಹಾಗೆ ಅಂದಳು. ಶ್ಯಾಮಲಮ್ಮ ಒಲೆ ಮೇಲೆ ನೀರಿಟ್ಟು, ಮೊಟ್ಟೆ ಕೊಡಿ ಅತ್ತಿಗೆ, ಈಗಲೇ ಬೇಯಿಸಿ ಕೊಡುತ್ತೇನೆ, ನಿಮ್ಮ ಕೈಯಾರೆ ತಿನ್ನಿಸಿ ಎಂದಳು.

ವೆಂಕಟರತ್ನಮ್ಮ ಅಳು ನಿಲ್ಲಿಸಿ ತಟ್ಟೆಗಳ ಕಡೆ ನೋಡಿದಳು. ಹುಳ ಎಷ್ಟನೇ ಜ್ವರದಲ್ಲಿದೆ ಎಂದು ಕೇಳಿದಳು. ಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಮೂರನೆಯದು ಎಂದಾಗ, ಅಯ್ಯೋ, ನನ್ನಿಂದ ತವರಿನ ಬೆಳೆ ಹೋಯಿತು ಅನ್ನುವ ಮಾತು ಬೇಡಮ್ಮ ಎಂದು ಪುಟ್ಟಿ ಹೊಸಲಿನಾಚೆ ಇಟ್ಟಳು. ಸಂಜೆ ಬಸ್ಸಿಗೆ ಅದೇ ಪುಟ್ಟಿ ಹೊತ್ತುಕೊಂಡು ಹೋದಳು. ಮೊಟ್ಟೆ ಒಂದೂ ಕಮ್ಮಿಯಾಗಿರಲಿಲ್ಲ.

ಆ ಬೆಳೆ ಇಳಿಯಿತು. ಗೂಡು ಮಾರಿ ಬಂದ ದಿನ ಕೋಳಿ ಕೊಯ್ದರು. ಭಾವಮೈದ, ನೆಂಟರು, ಗಾಡಿಯವನು ಎಲ್ಲ ಬಂದು ಕೂತರು. ಕದಿರಮ್ಮನ ಎಲೆಗೆ ಬಂದದ್ದು ಒಂದು ಸೌಟು ಸಾರು, ಕೋಳಿಯ ಕತ್ತು. ಮರುದಿನ ಮನೆ ತೊಳೆದು ಸುಣ್ಣ ಬಳಿದರು. ಮತ್ತೆ ಮರಿಹುಳ ಬಂತು.

ಡಾಕ್ಟರು ಹೇಳಿದ ಗಡುವಿಗೆ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದರು. ಪಟ್ಟಿ ಕತ್ತರಿಸಿ ತೆಗೆದರೆ ಒಳಗಿದ್ದ ಕಾಲು ನೋಡಲಾಗದು. ಮಾಂಸವೆಲ್ಲ ಇಳಿದು, ತೊಗಲು ಜೋತುಬಿದ್ದಿತ್ತು. ಡಾಕ್ಟರು ಮುರಿದ ಕಡೆ ಹಿಡಿದು ಅಲ್ಲಾಡಿಸಿದರು. ಅಲ್ಲಾಡಿತು. ಏನು ಊಟ ಮಾಡುತ್ತೀಯಮ್ಮ ಎಂದು ಕೇಳಿದರು.

“ಎಲ್ಲಾ ತಿಂತೀನಿ ಸ್ವಾಮಿ. ನನ್ನ ಮಗ ಯಾವುದಕ್ಕೂ ಕಮ್ಮಿ ಮಾಡಿಲ್ಲ,” ಎಂದಳು ಕದಿರಮ್ಮ.

“ಸುಳ್ಳು,” ಎಂದಳು ಶ್ಯಾಮಲಮ್ಮ.

ನರಸಿಂಹಪ್ಪ ಹೆಂಡತಿಯನ್ನು ದುರುಗುಟ್ಟಿಕೊಂಡು ನೋಡಿದ. ಅವಳು ನಿಲ್ಲಿಸಲಿಲ್ಲ. ಅರ್ಧ ಮುದ್ದೆ, ಸಪ್ಪೆ ಸಾರು, ಹಾಲು ಹೋಟೆಲಿಗೆ, ಮೊಟ್ಟೆ ದಿಬ್ಬೂರಹಳ್ಳಿಗೆ ಎಂದು ಒಂದೊಂದಾಗಿ ಹೇಳಿದಳು. ಡಾಕ್ಟರು ಯಾರನ್ನೂ ಬೈಯಲಿಲ್ಲ. ಇನ್ನೊಂದು ಸಲ ಪಟ್ಟಿ ಹಾಕುತ್ತೇನೆ, ಈ ಸಲವೂ ಹೀಗೇ ಆದರೆ ಈ ತಾಯಿ ಇನ್ನು ಕಾಲು ಊರುವುದಿಲ್ಲ, ಇರುವಷ್ಟು ದಿನ ತೆವಳಬೇಕು, ಆಮೇಲೆ ನನ್ನ ಹತ್ತಿರ ಕರೆತರಬೇಡಿ ಎಂದರು.

ಬರುವಾಗ ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಬೇಕು. ಮುದುಕಿಯನ್ನು ಹುಣಸೆಮರದ ನೆರಳಲ್ಲಿ ಕೂರಿಸಿ, ಒಂದು ಪೊಟ್ಟಣ ಕಡ್ಲೆಪುರಿ ಕೊಡಿಸಿ, ಗೂಡಿನ ರೇಟು ವಿಚಾರಿಸಿಕೊಂಡು ಬರುತ್ತೇನೆ ಎಂದು ನರಸಿಂಹಪ್ಪ ಹೋದ. ಅತ್ತೆ ಸೊಸೆ ಪುರಿ ಅಗಿಯುತ್ತ ಕೂತರು. ಬಸ್ಸು ಬಂದು ನಿಂತು, ಡ್ರೈವರು ಚಾ ಕುಡಿದು ಬಂದು ಹಾರನ್ನು ಹೊಡೆದ ಮೇಲೆ ಅವನು ಓಡಿಬಂದ. ಬಂದದ್ದು ಮಿಲಿಟರಿ ಹೋಟೆಲಿನ ಕಡೆಯಿಂದ. ಕೈ ತೊಳೆದುಕೊಂಡಿದ್ದ. ಮೀಸೆ ತೊಳೆದುಕೊಂಡಿರಲಿಲ್ಲ.

“ರೇಟು ಹೆಂಗೈತೆ?” ಶ್ಯಾಮಲಮ್ಮ ಕೇಳಿದಳು.

“ಪರವಾಗಿಲ್ಲ.”

“ಕೋಳೀದಾ, ಕುರೀದಾ?”

ಅವನು ತಾಯಿಯನ್ನು ಎತ್ತಲು ಬಗ್ಗಿದ. ಕದಿರಮ್ಮನಿಗೆ ಅಷ್ಟು ಹತ್ತಿರದಿಂದ ಮಸಾಲೆಯ ವಾಸನೆ ಬಡಿಯಿತು. ಅವಳು ಮುಖ ತಿರುಗಿಸಲಿಲ್ಲ, ಮೂಗು ಅರಳಿಸಿ ಎಳೆದುಕೊಂಡಳು. ಅದನ್ನು ಕಂಡು ಶ್ಯಾಮಲಮ್ಮನ ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟೂ ಬಂತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸಂತೆಗೆ ಹೋದಾಗಲೆಲ್ಲ ಇದೇ ಕಸುಬು, ಇವತ್ತು ನಿನ್ನೆಯದಲ್ಲ.

“ನಿಮಗೆ ಗೊತ್ತಿತ್ತಾ ಅತ್ತಮ್ಮ?” ಎಂದು ಬಸ್ಸಿನಲ್ಲಿ ಕೇಳಿದಳು.

“ಗೊತ್ತು. ಬಿಡೇ. ಅವರಪ್ಪನೂ ತಿಂತಿದ್ದ. ಹುಳ ಇರೋದು ಮನೇಲಿ, ಹೋಟ್ಲಾಗಲ್ಲ.”

“ಮನೇಲಿರೋದು ಹೆಂಗಸ್ರು. ಅದನ್ನ ಹೇಳಿ.”

ಮನೆಗೆ ಬಂದ ಮೇಲೆ ಜಗಳ ಹೊತ್ತಿಕೊಂಡಿತು. ನಾಳೆಯಿಂದ ಮನೆಯಲ್ಲಿ ಮೊಟ್ಟೆ ಬೇಯುತ್ತದೆ, ಹಾಲು ಹೋಟೆಲಿಗೆ ಹೋಗುವುದಿಲ್ಲ ಎಂದಳು ಶ್ಯಾಮಲಮ್ಮ. ಬೆಳೆ ಹೋದರೆ ನಿಮ್ಮಪ್ಪ ಮಂಚೇನಹಳ್ಳಿಯಿಂದ ತಂದು ಕೊಡುತ್ತಾನಾ ಎಂದು ಅವನು ಕೂಗಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಯಾರೋ ನಕ್ಕರು. ಕೊನೆಗೆ ನರಸಿಂಹಪ್ಪ ಒಂದು ದಾರಿ ಹೇಳಿದ. ಅಮ್ಮನ ಮಂಚ ದನದ ಕೊಟ್ಟಿಗೆಗೆ ಹಾಕೋಣ. ಅಲ್ಲಿ ಮೊಟ್ಟೆ ತಿನ್ನಲಿ, ಮಾಂಸ ತಿನ್ನಲಿ, ಯಾರು ಬೇಡ ಅಂದರು? ಎಷ್ಟು ನ್ಯಾಯವಾಗಿ ಹೇಳಿದ ಎಂದರೆ ಬಾಗಿಲಲ್ಲಿದ್ದವರು ತಲೆದೂಗಿದರು. ಹುಳಕ್ಕೆ ನಡುಮನೆ, ಹೆತ್ತವಳಿಗೆ ಗಂಜಳದ ಪಕ್ಕ. ಇದನ್ನು ಕೇಳಿಸಿಕೊಂಡೂ ಅವನ ಕಪಾಳಕ್ಕೆ ಬಾರಿಸುವ ಒಬ್ಬ ಮನುಷ್ಯ ಆ ಬೀದಿಯಲ್ಲಿ ಇರಲಿಲ್ಲ.

ಶ್ಯಾಮಲಮ್ಮ ಮಂಚದ ಕಾಲು ಹಿಡಿದು ಕೂತಳು. ಮುಟ್ಟಿ ನೋಡಿ ಎಂದಳು. ಮಂಚ ಅಲ್ಲೇ ಉಳಿಯಿತು. ಹಾಲು ಮಾತ್ರ ಮರುದಿನವೂ ಹೋಟೆಲಿಗೆ ಹೋಯಿತು. ಅವಳು ಏಳುವ ಮುಂಚೆಯೇ ಅವನು ಹಸು ಕರೆದು ಹಾಲಿನೊಂದಿಗೆ ಹೊರಟುಬಿಟ್ಟಿದ್ದ.

ಪಕ್ಕದ ಮನೆಯ ಅಕ್ಕಯಮ್ಮ ಕೋಳಿ ಸಾಕಿದ್ದಳು. ಅವಳ ಒಲೆಯಲ್ಲೇ ಒಂದು ಮೊಟ್ಟೆ ಬೇಯಿಸಿ ಶ್ಯಾಮಲಮ್ಮ ಸೆರಗಲ್ಲಿ ಮುಚ್ಚಿ ತಂದಳು. ಕದಿರಮ್ಮ ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಹುಳದ ಮುಂದೆ ತಿನ್ನುವುದಿಲ್ಲ, ನನ್ನ ಉಸಿರಿನ ವಾಸನೆ ಅವಕ್ಕೆ ತಾಗುತ್ತದೆ ಎಂದಳು. ಕಾಲು ಹೋಗುತ್ತದೆ ಅತ್ತಮ್ಮ ಎಂದರೆ, ಹೋಗಲಿ, ಮನೆ ಉಳಿಯುತ್ತದೆ ಎಂದಳು. ಬಲವಂತ ಮಾಡಿದರೆ ಮೊಟ್ಟೆ ಕಸಿದು ಅಂಗಳಕ್ಕೆ ಎಸೆದಳು. ನಾಯಿ ತಿಂದಿತು.

ಅಂಗಳದಲ್ಲಿ ನಿಂತು ನಾಯಿಯನ್ನೇ ನೋಡುತ್ತಿದ್ದ ಶ್ಯಾಮಲಮ್ಮನಿಗೆ ಒಂದು ತಿಳಿಯಿತು. ಈ ಮನೆಯಲ್ಲಿ ಗೋಗರೆದು ಫಲವಿಲ್ಲ. ಡಾಕ್ಟರ ಮಾತು ಇಲ್ಲಿ ನಡೆಯುವುದಿಲ್ಲ, ಸೊಸೆಯ ಮಾತೂ ನಡೆಯುವುದಿಲ್ಲ. ನಡೆಯುವುದು ಹುಳದ ಮಾತೊಂದೇ.

ಹುಳ ನಾಲ್ಕನೇ ಜ್ವರ ಕಳೆದು ಎದ್ದವು. ಆಗ ಅವಕ್ಕೆ ರಾಕ್ಷಸ ಹಸಿವು. ಎಷ್ಟು ಹಾಕಿದರೂ ದಂಟು ಮಾತ್ರ ಉಳಿಸುತ್ತವೆ. ಆಗ ಮೇವು ತಪ್ಪಿದರೆ ಗೂಡು ಜೊಳ್ಳಾಗುತ್ತದೆ, ಇಲ್ಲವೇ ಹುಳವೇ ಸತ್ತುಹೋಗುತ್ತದೆ. ಅವತ್ತು ಬೆಳಿಗ್ಗೆ ನರಸಿಂಹಪ್ಪ ಸೊಪ್ಪಿನ ಹೊರೆ ತಂದು ನಡುಮನೆಯಲ್ಲಿ ಇಳಿಸಿದ. ಶ್ಯಾಮಲಮ್ಮ ಅದರ ಮೇಲೆ ಒದ್ದೆ ಗೋಣಿ ಮುಚ್ಚಿದಳು. ಒಳಗೆ ಹೋಗಿ, ಅಕ್ಕಯಮ್ಮ ಕೊಟ್ಟ ಮೂರು ಮೊಟ್ಟೆಯನ್ನು ತನ್ನ ಮನೆಯ ಒಲೆಯ ಮೇಲೇ ಬೇಯಿಸಿ, ಸುಲಿದು, ತಟ್ಟೆಯಲ್ಲಿಟ್ಟು ತಂದು ಅತ್ತೆಯ ಮುಂದೆ ಇಟ್ಟಳು. ಗೋಡೆಗೊರಗಿ ಕೂತಳು.

“ಸೊಪ್ಪು ಹಾಕಲ್ವೇನೇ?” ಎಂದ ನರಸಿಂಹಪ್ಪ.

“ಮೊದಲು ಅತ್ತಮ್ಮ ತಿನ್ಲಿ. ಆಮೇಲೆ ಹುಳ.”

ಅವನು ಬೈದ. ಅವಳು ಏಳಲಿಲ್ಲ. ಕೈ ಎತ್ತಿದ. ಹೊಡೀರಿ, ಹೊಡೆದಾದ ಮೇಲೂ ಸೊಪ್ಪು ಹಾಕಬೇಕಾದವಳು ನಾನೇ ಎಂದಳು. ಎತ್ತಿದ ಕೈ ಕೆಳಗಿಳಿಯಿತು. ಅವನು ಹುಟ್ಟಿದಾಗಿನಿಂದ ಸೊಪ್ಪು ತಂದಿದ್ದನೇ ಹೊರತು ಒಂದು ದಿನ ತಟ್ಟೆಗೆ ಹಾಕಿದವನಲ್ಲ. ಬಿಸಿಲೇರಿತು. ಯಾವತ್ತೂ ಆ ಹೊತ್ತಿಗೆ ಮನೆ ತುಂಬ ಹುಳ ಸೊಪ್ಪು ಮೇಯುವ ಸರಸರ ಸದ್ದು. ಅವತ್ತು ಸದ್ದಿಲ್ಲ. ಹುಳಗಳು ತಲೆ ಎತ್ತಿ ಅತ್ತ ಇತ್ತ ತೂಗುತ್ತಿದ್ದವು.

“ಮನೆಹಾಳಿ,” ಎಂದಳು ಕದಿರಮ್ಮ ಮಂಚದಿಂದ. “ಮೂಕಪ್ರಾಣಿಗಳನ್ನ ಹಸಿವಲ್ಲಿ ಕೊಲ್ತೀಯಾ? ನಿನಗೆ ಒಳ್ಳೇದಾಗ್ತದಾ?”

“ನೀವು ಬಾಯಿರೋ ಪ್ರಾಣಿ ತಾನೆ ಅತ್ತಮ್ಮ? ತಿನ್ನಿ.”

“ಅತ್ತೆ ಮೇಲೆ ಯಾವತ್ತಿಂದ ಬಂತು ಇಷ್ಟು ಪ್ರೀತಿ?” ಎಂದು ನರಸಿಂಹಪ್ಪ ಹಂಗಿಸಿದ.

“ಪ್ರೀತಿ ಅಂತ ಯಾರಂದ್ರು? ಎರಡನೇ ಬಾಣಂತನದಲ್ಲಿ ಇದೇ ಮೂಲೇಲಿ ಮಲಗಿದ್ದೆ. ಹುಳ ಇದ್ವು. ಉಪ್ಪು ಗಂಜಿ ಬಿಟ್ಟು ಇನ್ನೊಂದು ಕೊಡ್ಲಿಲ್ಲ. ಎದೆಹಾಲು ಬತ್ತಿ ಮಗು ರಾತ್ರಿಯೆಲ್ಲ ಕಿರುಚ್ತಿತ್ತು. ಅಕ್ಕಯಮ್ಮನ ಮೇಕೆ ಹಾಲಲ್ಲಿ ಉಳೀತು. ನನಗೆ ಹಸಿವು ಗೊತ್ತು. ಅಷ್ಟೇ.”

ಕದಿರಮ್ಮ ಹುಳದ ತಟ್ಟೆಗಳ ಕಡೆ ನೋಡಿದಳು. ನೋಡಲಾಗಲಿಲ್ಲ. ಶಾಪ ಹಾಕುತ್ತಲೇ ಒಂದು ಮೊಟ್ಟೆ ತೆಗೆದುಕೊಂಡು ಬಾಯಿಗೆ ತುರುಕಿದಳು. ನಿನ್ನ ವಂಶ ಹಾಳಾಗ ಎಂದು ಅಗಿದಳು, ಅದು ತನ್ನದೇ ವಂಶ ಎನ್ನುವುದೂ ಅವಳಿಗೆ ಹೊಳೆಯಲಿಲ್ಲ. ನುಂಗಿ, ತಿಂದೆ, ಈಗ ಹಾಕೇ ಸೊಪ್ಪು ಎಂದಳು. ಹೇಳುತ್ತಿದ್ದಂತೆ ಕೈ ತಾನಾಗಿ ಇನ್ನೊಂದಕ್ಕೆ ಹೋಯಿತು. ಅದನ್ನೂ ತಿಂದಳು. ಈಗ ಶಾಪ ಇರಲಿಲ್ಲ. ಎರಡು ಕೈಯಲ್ಲೂ ಹಿಡಿದು, ಬೆರಳಿಗಂಟಿದ ಹಳದಿ ಪುಡಿಯನ್ನೂ ನೆಕ್ಕಿ ತಿಂದಳು. ಮಗನ ಮುಂದೆ, ಸೊಸೆಯ ಮುಂದೆ, ನಾಚಿಕೆ ಬಿಟ್ಟು ತಿಂದಳು. ತಿಂಗಳುಗಟ್ಟಲೆಯ ಹಸಿವು ಅದು.

ಆಮೇಲೆ ದಿನವೂ ಮೊಟ್ಟೆ ಬೆಂದು, ಆ ಕಾಲು ಕಾರ್ತಿಕದ ಹೊತ್ತಿಗೆ ಕೂಡಿತು. ಸ್ವಲ್ಪ ಸೊಟ್ಟಗೇ ಕೂಡಿತು, ಕದಿರಮ್ಮ ಕೋಲು ಹಿಡಿದು ಕುಂಟುತ್ತ ಹಿತ್ತಲಿಗೆ ತಾನೇ ಹೋಗುವಂತಾದಳು. ಆ ಬೆಳೆಯೂ ಚೆನ್ನಾಗಿಯೇ ಬಂತು, ಒಂದು ಹುಳವೂ ಮೊಟ್ಟೆಯ ವಾಸನೆಗೆ ಸಾಯಲಿಲ್ಲ. ನಮ್ಮ ಮನೆಯ ಶುದ್ಧದಿಂದಲೇ ಇಂಥ ಗೂಡು ಎಂದು ನರಸಿಂಹಪ್ಪ ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ಅಂಥವರ ಬಾಯಿಗೆ ಬೀಗ ಹಾಕುವವರು ಯಾರು? ಅದಿರಲಿ. ಅವತ್ತಿನ ಮಾತು ಇನ್ನೂ ಮುಗಿದಿಲ್ಲ.

“ತಿಂದಾಯ್ತಲ್ಲ. ಏಳು, ಸೊಪ್ಪು ಹಾಕು,” ಎಂದ ನರಸಿಂಹಪ್ಪ ಹೆಂಡತಿಗೆ.

“ನೀನು ಹಾಕು,” ಎಂದಳು ಕದಿರಮ್ಮ.

“ನಾನಾ? ನನಗೆ ಬರಲ್ಲಮ್ಮ.”

“ಕಲ್ತ್ಕೋ. ಅವಳು ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಬಾಯಿಗೆ ಬಿಟ್ಟಿಲ್ಲ.”

ಅವನು ನಿಂತೇ ಇದ್ದ. ತಾಯಿ ಕಣ್ಣು ಕೀಳಲಿಲ್ಲ. ಕೊನೆಗೆ ಗೋಣಿ ಸರಿಸಿ, ಸೊಪ್ಪು ಬಾಚಿಕೊಂಡು, ಒಂದು ಕಡೆ ದಪ್ಪ ಒಂದು ಕಡೆ ತೆಳು ಹಾಕುತ್ತ ಹೋದ. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಮೇಯುವ ಸದ್ದು ಹರಡಿತು. ಕದಿರಮ್ಮ ಸೊಸೆಯ ಕಡೆ ತಿರುಗಿದಳು. ಅವಳ ದನಿ ಇಳಿದಿತ್ತು.

“ಬಾಣಂತನದಾಗೆ ಅಷ್ಟು ಹಸಿವಾಗಿದ್ರೆ ನನಗೆ ಒಂದು ಮಾತು ಹೇಳ್ಬಾರದಾಗಿತ್ತೇನೇ?”

“ಹೇಳಿದ್ದೆ ಅತ್ತಮ್ಮ. ದಿನಾ ಹೇಳ್ತಿದ್ದೆ.”

ತಟ್ಟೆಯಲ್ಲಿ ಒಂದು ಮೊಟ್ಟೆ ಉಳಿದಿತ್ತು. ಕದಿರಮ್ಮ ಅದನ್ನು ಸೊಸೆಯ ಕಡೆ ತಳ್ಳಿ, ಬಾಯಿ ಮುಚ್ಚಿಕೊಂಡು ತಿನ್ನು ಎಂದಳು. ಶ್ಯಾಮಲಮ್ಮ ತಿಂದಳು. ಅವಳ ಕೋಪ ಮಾತ್ರ ಇಳಿಯಲಿಲ್ಲ.